ರಾತ್ರಿ ನಾಯಿ ಎಲ್ಲಿ ಮಲಗುತ್ತದೆ?

ಓದುಗರ ಪ್ರಶ್ನೆ: ಸಾಕುಪ್ರಾಣಿ ಮತ್ತು ಪ್ರವಾಸ

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಇಬ್ಬರು ಮಕ್ಕಳು, ಮೂರು ವರ್ಷದ ಲ್ಯಾಬ್ರಡಾರ್ ಸಮೇತ ದಾಂಡೇಲಿ ಕಡೆ ಎರಡು ರಾತ್ರಿ ಟೆಂಟ್‌ನಲ್ಲಿ ಇರಬೇಕೆಂದಿದ್ದೇವೆ. ಫೋನ್ ಮಾಡಿದಲ್ಲೆಲ್ಲ ‘ನಾಯಿ ತರ್ರಿ, ಏನೂ ತ್ರಾಸಿಲ್ಲ’ ಅಂತಾರೆ. ಯಾರನ್ನು ನಂಬುವುದು?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ‘ನಾಯಿ ತರಬಹುದೇ’ ಎಂದು ಕೇಳಿದರೆ ಎಲ್ಲರೂ ಹೌದೆಂದೇ ಹೇಳುತ್ತಾರೆ, ಬುಕಿಂಗ್ ಯಾರಿಗೆ ಬೇಡ? ‘ರಾತ್ರಿ ನಾಯಿ ಎಲ್ಲಿ ಮಲಗುತ್ತದೆ’ ಎಂದು ಕೇಳಿ. ಹಿಂದುಗಡೆ ಗೂಡಿದೆ, ಮರಕ್ಕೆ ಕಟ್ಟಬಹುದು ಎಂದರೆ ಆ ಜಾಗ ಬಿಟ್ಟುಬಿಡಿ. ಆ ಸೀಮೆಯಲ್ಲಿ ಚಿರತೆಗಳಿವೆ. ಹೊರಗೆ ಕಟ್ಟಿಹಾಕಿದ ನಾಯಿಗೆ ಓಡಲೂ ಆಗದು, ಅಡಗಲೂ ಆಗದು. ನಾಯಿ ನಿಮ್ಮ ಜೊತೆ ಒಳಗೇ ಮಲಗಬೇಕು. ನಮ್ಮನ್ನು ಕೇಳಿದರೆ, ನಾಯಿ ಇರುವವರಿಗೆ ಬಟ್ಟೆಯ ಟೆಂಟ್‌ಗಿಂತ ಗೋಡೆ, ಬಾಗಿಲು, ಚಿಲಕ ಇರುವ ಕೋಣೆಯೇ ವಾಸಿ. ಮಕ್ಕಳು ಹಗಲು ಟೆಂಟ್‌ನಲ್ಲಿ ಆಡಿಕೊಳ್ಳಲಿ. ಮಲಗುವ ಜಾಗದ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ನಾಯಿಗೆ ಬೇರೆ ಬಾಡಿಗೆ ಇದೆಯೇ, ದೊಡ್ಡ ತಳಿ ನಡೆಯುತ್ತದೆಯೇ ಎಂಬುದಕ್ಕೂ ಅಲ್ಲೇ ಬರಹದಲ್ಲಿ ಉತ್ತರ ಪಡೆಯಿರಿ.

ಎರಡನೆಯ ಪ್ರಶ್ನೆ ಜಾಗ ಯಾರದು ಎಂಬುದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಕುನಾಯಿಗೆ ಪ್ರವೇಶವಿಲ್ಲ. ಸಫಾರಿಗೆ ಹೋಗುವ ಮನಸ್ಸಿದ್ದರೆ ಮನೆಯವರಲ್ಲಿ ಒಬ್ಬರು ನಾಯಿಯ ಜೊತೆ ಉಳಿಯಬೇಕಾಗುತ್ತದೆ. ಖಾಸಗಿ ಜಮೀನಾದರೆ ಅಲ್ಲಿ ಮೊದಲೇ ನಾಯಿಗಳಿವೆಯೇ ಎಂದು ಕೇಳಿ. ತಮ್ಮ ಅಂಗಳಕ್ಕೆ ಬಂದ ಹೊಸ ನಾಯಿಯನ್ನು ತೋಟದ ನಾಯಿಗಳು ಸುಮ್ಮನೆ ಬಿಡುವುದಿಲ್ಲ. ನೀವು ಇರುವಷ್ಟು ದಿನ ಅವನ್ನು ಕಟ್ಟುತ್ತೇವೆ ಎಂದು ಮಾಲೀಕರು ಒಪ್ಪಿದರೆ ಸರಿ.

ಲ್ಯಾಬ್ರಡಾರ್ ನೀರು ಕಂಡರೆ ನಿಲ್ಲುವ ಪ್ರಾಣಿಯಲ್ಲ. ಕಾಳಿ ನದಿಯಲ್ಲಿ ಮೊಸಳೆಗಳಿವೆ. ವಿದ್ಯುತ್ ಉತ್ಪಾದನೆಗೆ ಮೇಲಿನಿಂದ ನೀರು ಬಿಟ್ಟಾಗ ಮಟ್ಟ ದಿಢೀರನೆ ಏರುತ್ತದೆ. ದಂಡೆಗೂ ನಿಮ್ಮ ಕೋಣೆಗೂ ನಡುವೆ ಬೇಲಿ ಇಲ್ಲದಿದ್ದರೆ ‘ರಿವರ್ ವ್ಯೂ’ ಜಾಗ ನಿಮಗಲ್ಲ. ಹಗಲಿನಲ್ಲಿ ಹಾರ್ನೆಸ್ (ಎದೆಗೆ ಕಟ್ಟುವ ಪಟ್ಟಿ) ಹಾಕಿ, ಐದು ಮೀಟರ್ ಹಗ್ಗವನ್ನು ಕೈಯಲ್ಲೇ ಹಿಡಿಯಿರಿ. ಟೆಂಟ್ ಗೂಟಕ್ಕೆ ಕಟ್ಟಿದರೆ ನಾಯಿ ಒಂದು ಜಗ್ಗು ಜಗ್ಗಿದೊಡನೆ ಗೂಟವೂ ಟೆಂಟೂ ಅದರ ಹಿಂದೆ ಹೋಗುತ್ತವೆ.

ಡಿಸೆಂಬರ್ 31ರ ರಾತ್ರಿಯನ್ನಂತೂ ತಪ್ಪಿಸಿ. ಡಿಜೆ, ಪಟಾಕಿಗೆ ಬೆದರಿ ಹಗ್ಗ ಹರಿದುಕೊಂಡ ನಾಯಿಯನ್ನು ಕಾಡಿನ ಅಂಚಿನಲ್ಲಿ ಕತ್ತಲಲ್ಲಿ ಹುಡುಕುವುದು ಆಗದ ಮಾತು. ರೇಬೀಸ್ ಮತ್ತು ಇಲಿಜ್ವರದ ಲಸಿಕೆ ಬಾಕಿ ಇದ್ದರೆ ಹೊರಡುವ ಮೂರು ವಾರ ಮೊದಲೇ ಹಾಕಿಸಿ, ಲಸಿಕೆ ಪುಸ್ತಕ ಗಾಡಿಯಲ್ಲಿರಲಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಕ್ಯಾಂಪರ್ ವ್ಯಾನ್ (ಒಳಗೇ ಮಲಗುವ ವ್ಯವಸ್ಥೆ ಇರುವ ಗಾಡಿ) ಬಾಡಿಗೆಗೆ ತೆಗೆದುಕೊಂಡು ಹೋಗುವ ಯೋಚನೆ ಇದೆ. ಜೊತೆಗೆ ಪಗ್ ಇದೆ. ವ್ಯಾನ್‌ನಲ್ಲಿ ಏಸಿ ಇರುವುದರಿಂದ ಚಿಂತೆ ಇಲ್ಲ ತಾನೆ?
– ಸಪ್ತಾಪುರ, ಧಾರವಾಡ

ಉತ್ತರ: ಚಿಂತೆ ಇರುವುದೇ ಏಸಿಯದ್ದು. ಒಂದು ಟನ್ ಏಸಿಗೆ ಸುಮಾರು 1,200 ವ್ಯಾಟ್ ಬೇಕು. ಅನೇಕ ಕಡೆ ‘ಕರೆಂಟ್ ಪಾಯಿಂಟ್ ಇದೆ’ ಎಂದರೆ ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ ಎಂದೇ ಅರ್ಥ. ಅದಕ್ಕೆ ಏಸಿ ಹಾಕಿದರೆ ಪ್ಲಗ್ ಕರಗಬಹುದು. ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಇದೆಯೇ, ವ್ಯಾನ್ ನಿಲ್ಲುವ ಜಾಗದಿಂದ ಎಷ್ಟು ಮೀಟರ್ ಎಂದು ಕೇಳಿ. 2.5 ಚದರ ಮಿಲಿಮೀಟರಿನ ಮೂರು ಕೋರ್ ತಾಮ್ರದ ವೈರ್ ಒಯ್ಯಿರಿ. ಉಳಿದ ವೈರನ್ನು ಸುರುಳಿ ಸುತ್ತಿ ಇಡಬೇಡಿ, ಲೋಡ್ ಬಿದ್ದಾಗ ಸುರುಳಿ ಬಿಸಿಯಾಗುತ್ತದೆ.

ಇಷ್ಟಾದರೂ ಕರೆಂಟ್ ಹೋಗುತ್ತದೆ. ಬಿಸಿಲಲ್ಲಿ ಮುಚ್ಚಿದ ಗಾಡಿಯ ಒಳಗಿನ ತಾಪ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ, ಅರ್ಧ ಗಂಟೆಯಲ್ಲಿ 19 ಡಿಗ್ರಿಯಷ್ಟು ಏರಬಹುದು. ಗಾಜು ನಾಲ್ಕು ಬೆರಳು ಇಳಿಸಿದ್ದರಿಂದ ಹೆಚ್ಚು ಲಾಭವಿಲ್ಲ. ನಾಯಿ ಬೆವರಿ ತಣಿಯುವ ಪ್ರಾಣಿಯಲ್ಲ, ತೇಕಿ ತಣಿಯಬೇಕು. ಮೂಗು ಚಪ್ಪಟೆಯಾದ ಪಗ್‌ಗೆ ಆ ತೇಕುವುದೇ ಕಷ್ಟ. ಹಾಗಾಗಿ ಅದನ್ನು ವ್ಯಾನ್‌ನಲ್ಲಿ ಬಿಟ್ಟು ಎಲ್ಲರೂ ಊಟಕ್ಕೆ ಹೋಗುವಂತಿಲ್ಲ, ಐದು ನಿಮಿಷಕ್ಕೂ ಇಲ್ಲ. ವಿಪರೀತ ತೇಕು, ಅಂಟು ಜೊಲ್ಲು, ತೂರಾಟ ಕಂಡರೆ ನೆರಳಿಗೆ ಒಯ್ದು ನಲ್ಲಿ ನೀರಿನಿಂದ ಮೈಯೆಲ್ಲ ತೋಯಿಸಿ, ಗಾಳಿ ಬೀಸುತ್ತಲೇ ವೈದ್ಯರಲ್ಲಿಗೆ ಹೊರಡಿ. ನಾಯಿಯ ಸಾಮಾನ್ಯ ಮೈತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್, 41 ದಾಟಿದರೆ ಜೀವಕ್ಕೇ ಅಪಾಯ. ಸಾಧ್ಯವಿದ್ದರೆ ಈ ಪ್ರವಾಸವನ್ನೇ ನವೆಂಬರಿಗೆ ಮುಂದೂಡಿ.

ಬಾಡಿಗೆಗೆ ಮುಂಚೆ ಆರ್‌ಸಿ ನೋಡಿ. ವ್ಯಾನ್‌ನಲ್ಲಿ ಮಾಡಿದ ಮಾರ್ಪಾಡು ಅದರಲ್ಲಿ ನಮೂದಾಗಿರಬೇಕು. ಬಿಳಿ ನಂಬರ್ ಪ್ಲೇಟಿನ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಟ್ಟರೆ, ಅಪಘಾತವಾದಾಗ ವಿಮೆ ಕೈಕೊಡಬಹುದು.

ಪ್ರಶ್ನೆ: ನಮ್ಮದು ಮುಧೋಳ ನಾಯಿ ಐತ್ರಿ. ರಾಣೆಬೆನ್ನೂರ ಹತ್ರ ಗೆಳೆಯರ ಹೊಲದಾಗ ಟೆಂಟ್ ಹಾಕಾವ್ರು ಅದೇವಿ. ಅಲ್ಲಿ ಬಯಲಾಗ ಓಡಾಕ ಬಿಡಬಹುದೇನ್ರಿ?
– ಹಾವೇರಿ

ಉತ್ತರ: ಬಿಡಬೇಡಿ. ರಾಣೆಬೆನ್ನೂರಲ್ಲಿ ಕೃಷ್ಣಮೃಗ ಅಭಯಾರಣ್ಯವಿದೆ. ಆ ಕೃಷ್ಣಮೃಗಗಳು ಗಡಿ ನೋಡಿ ಮೇಯುವುದಿಲ್ಲ, ಹೊಲಗಳಿಗೂ ಬರುತ್ತವೆ. ನಿಮ್ಮ ನಾಯಿ ಮೂಸಿ ಹುಡುಕುವುದಲ್ಲ, ಕಂಡದ್ದನ್ನು ಅಟ್ಟುವ ತಳಿ. ಒಮ್ಮೆ ಓಟ ಕಿತ್ತರೆ ನಿಮ್ಮ ಕೂಗು ಅದರ ಕಿವಿಗೆ ಬೀಳದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಟ್ಟಿಸಿಕೊಂಡು ಹೋಗುವುದೂ ಬೇಟೆಯೇ. ಕುರಿ ಹಿಂಡು ಎದುರಾದರೆ ಜಗಳ ಕುರುಬರ ಜೊತೆ.

ಈ ತಳಿಯ ತಲೆ ಕುತ್ತಿಗೆಗಿಂತ ಸಪೂರ, ನಾಯಿ ಹಿಂದಕ್ಕೆ ಜಗ್ಗಿದರೆ ಮಾಮೂಲಿ ಬೆಲ್ಟ್ ಜಾರಿ ಕಳಚುತ್ತದೆ. ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ ಕೊಳ್ಳಿ. ಮೈಯಲ್ಲಿ ಕೊಬ್ಬು ಕಡಿಮೆ, ರಾತ್ರಿ ಚಳಿಗೆ ಒಂದು ಹಳೆಯ ಕಂಬಳಿ ಹೊದಿಸಿ. ಅಂದಹಾಗೆ, ಕೆನೆಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಈ ತಳಿಯ ಹೆಸರು ‘ಕಾರವಾನ್ ಹೌಂಡ್’. ವ್ಯಾನ್ ಪ್ರವಾಸಕ್ಕೆ ಹೆಸರಿನಿಂದಲೇ ಅರ್ಹತೆ ಇದೆ!

ಪ್ರಶ್ನೆ: ದಾರಿಯಲ್ಲಿ ನಾವು ತಿನ್ನುವ ಗಿರಮಿಟ್, ಫೇಡೆ ನಾಯಿಗೂ ಕೊಡಬಹುದೇ?
– ಲಕ್ಷ್ಮೇಶ್ವರ, ಗದಗ ಜಿಲ್ಲೆ

ಉತ್ತರ: ಗಿರಮಿಟ್ ಬೇಡ. ಅದರಲ್ಲಿನ ಉಳ್ಳಾಗಡ್ಡಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಪರಿಣಾಮ ಕಾಣುವುದು ಕೆಲವು ದಿನ ಬಿಟ್ಟು. ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷ. ಫೇಡೆ ವಿಷವಲ್ಲ, ಆದರೆ ಅಷ್ಟು ಸಕ್ಕರೆ, ಖೋವಾ ತಿಂದ ನಾಯಿಗೆ ಭೇದಿ ಶುರುವಾದರೆ ಗಾಡಿಯಲ್ಲಿ ಕೂತವರು ನೀವೇ.

ಪ್ರಶ್ನೆ: ಯಲ್ಲಾಪುರದ ಕಡೆ ಹೋಗಿಬಂದ ಮೇಲೆ ನಾಯಿಯ ಕಿವಿಯಲ್ಲಿ ಉಣ್ಣಿ ಸಿಕ್ಕವು. ಕಿತ್ತು ಹಾಕಿದೆವು. ಇನ್ನೇನಾದರೂ ಮಾಡಬೇಕೆ?
– ಗದಗ

ಉತ್ತರ: ಮೂರು ವಾರ ಕಣ್ಣಿಡಿ. ಉಣ್ಣಿಯಿಂದ ಬರುವ ಜ್ವರ ಸಾಮಾನ್ಯವಾಗಿ ಒಂದರಿಂದ ಮೂರು ವಾರದೊಳಗೆ ಕಾಣುತ್ತದೆ. ಅನ್ನ ಬಿಡುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಪಶು ಆಸ್ಪತ್ರೆಗೆ ಒಯ್ದು ರಕ್ತ ಪರೀಕ್ಷೆ ಮಾಡಿಸಿ. ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಮರೆಯದೆ ಹೇಳಿ.

ಮುಂದಿನ ಸಲ ಉಣ್ಣಿಯ ಔಷಧಿಯನ್ನು ಹೊರಡುವ ಎರಡು ದಿನ ಮೊದಲೇ ಹಾಕಿ. ಬೆನ್ನಿಗೆ ಹನಿಸುವ ಔಷಧಿಯಾದರೆ ಆಮೇಲೆ ಸ್ನಾನ ಮಾಡಿಸಬೇಡಿ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಇರುವ ಔಷಧಿ ತರಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ. ಅಂಟಿದ ಉಣ್ಣಿಯನ್ನು ಚಿಮಟಿಗೆಯಿಂದ ಚರ್ಮಕ್ಕೆ ತಾಗಿದಂತೆಯೇ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಉಣ್ಣಿ ನಾಯಿಯ ಮೇಲೆ ಕೂತು ನಿಮ್ಮ ಹಾಸಿಗೆಗೂ ಬರುತ್ತದೆ. ಮಂಗಗಳಿಗೂ ಮನುಷ್ಯರಿಗೂ ಜೀವಕ್ಕೆ ಎರವಾಗಬಲ್ಲ ಮಂಗನ ಕಾಯಿಲೆ ಎಂಬ ಜ್ವರ ಹರಡುವುದೂ ಉಣ್ಣಿಯಿಂದಲೇ, ಉತ್ತರ ಕನ್ನಡದಲ್ಲೂ ಅದು ಕಾಣಿಸಿಕೊಂಡಿದೆ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೂ ಅದರ ಕಾಲವೇ. ಬುಕ್ ಮಾಡುವ ಮುಂಚೆ ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆಯೇ ಎಂದು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಇದೆ ಎಂದರೆ ಬೇರೆ ಊರು ನೋಡಿ.