ಡಿಕೆಂಬೆ ಮುಟೊಂಬೊ ಯಾರು? ಅವರ ಆಟ ಮತ್ತು ಬದುಕಿನ ಬಗ್ಗೆ ತಿಳಿಸುವಿರಾ?

ಡಿಕೆಂಬೆ ಮುಟೊಂಬೊ ಅವರು ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್ ಕಂಡ ಶ್ರೇಷ್ಠ ರಕ್ಷಣಾ ಆಟಗಾರರಲ್ಲಿ ಒಬ್ಬರು. 1966ರಲ್ಲಿ ಕಾಂಗೋದ ಕಿನ್ಶಾಸಾದಲ್ಲಿ ಜನಿಸಿದ ಅವರು ವೈದ್ಯರಾಗಬೇಕೆಂದು ವಿದ್ಯಾರ್ಥಿವೇತನ ಪಡೆದು ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಏಳು ಅಡಿ ಎರಡು ಅಂಗುಲ ಎತ್ತರದ ಈ ವಿದ್ಯಾರ್ಥಿಯನ್ನು ಕೋಚ್ ಜಾನ್ ಥಾಮ್ಸನ್ ತಂಡಕ್ಕೆ ಸೇರಿಸಿಕೊಂಡ ಮೇಲೆ ಅವರ ಬದುಕಿನ ದಿಕ್ಕೇ ಬದಲಾಯಿತು.

1991ರಲ್ಲಿ ಎನ್‌ಬಿಎಯ ಡೆನ್ವರ್ ನಗೆಟ್ಸ್ ತಂಡ ಅವರನ್ನು ಆಯ್ಕೆ ಮಾಡಿತು. 1994ರಲ್ಲಿ ಲೀಗ್‌ನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಎಂಟನೇ ಶ್ರೇಯಾಂಕದ ಡೆನ್ವರ್, ಮೊದಲ ಎರಡು ಪಂದ್ಯಗಳನ್ನು ಸೋತ ಬಳಿಕವೂ, ಅಗ್ರ ಶ್ರೇಯಾಂಕದ ಸಿಯಾಟಲ್ ತಂಡವನ್ನು 3–2ರಿಂದ ಮಣಿಸಿತು. ಅಂತಹ ಗೆಲುವು ಲೀಗ್‌ನಲ್ಲಿ ಅದೇ ಮೊದಲು. ಕೊನೆಯ ಗಳಿಗೆಯಲ್ಲಿ ಮುಟೊಂಬೊ ನೆಲದ ಮೇಲೆ ಅಂಗಾತ ಬಿದ್ದು, ಚೆಂಡನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ನಗುತ್ತಿದ್ದ ದೃಶ್ಯ ಇಂದಿಗೂ ರೋಮಾಂಚನಗೊಳಿಸುತ್ತದೆ.

ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ನಾಲ್ಕು ಬಾರಿ ಪಡೆದ ಅವರು ಎದುರಾಳಿಗಳು ಬುಟ್ಟಿಯತ್ತ ಎಸೆದ ಒಟ್ಟು 3,289 ಹೊಡೆತಗಳನ್ನು ತಡೆದರು. ಈ ಲೆಕ್ಕದಲ್ಲಿ ಅವರಿಗಿಂತ ಮುಂದಿರುವವರು ಹಕೀಮ್ ಒಲಾಜುವಾನ್ ಮಾತ್ರ. ಹೊಡೆತವನ್ನು ತಡೆದ ಬಳಿಕ ತೋರುಬೆರಳನ್ನು ಅತ್ತಿತ್ತ ಆಡಿಸುವುದು ಅವರ ಗುರುತೇ ಆಗಿತ್ತು. 2009ರಲ್ಲಿ ಮೊಣಕಾಲಿನ ಗಾಯದಿಂದಾಗಿ ಅವರ ಆಟ ನಿಂತಿತು.

ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಸಾಧನೆ ಅಂಗಳದ ಹೊರಗಿನದು. ಅಶಾಂತಿಯ ದಿನಗಳಲ್ಲಿ ಆಸ್ಪತ್ರೆ ತಲುಪಲಾಗದೆ ತೀರಿಕೊಂಡ ತಾಯಿ ಬಿಯಾಂಬಾ ಮೇರಿ ಅವರ ಹೆಸರಿನಲ್ಲಿ, ತಮ್ಮ ಗಳಿಕೆಯ ಕೋಟ್ಯಂತರ ಹಣವನ್ನೂ ಹಾಕಿ ಅವರು ಕಟ್ಟಿಸಿದ ಆಸ್ಪತ್ರೆ 2007ರಲ್ಲಿ ಕಿನ್ಶಾಸಾದಲ್ಲಿ ಆರಂಭವಾಯಿತು. 2015ರಲ್ಲಿ ಬಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿದ ಮುಟೊಂಬೊ, ಮಿದುಳಿನ ಕ್ಯಾನ್ಸರ್‌ನಿಂದ 2024ರ ಸೆಪ್ಟೆಂಬರ್ 30ರಂದು ನಿಧನರಾದರು.