ಟೀ ಅಗ್ಗವಾಗುತ್ತಿದ್ದರೂ ಅಮೆರಿಕದ ವಸಾಹತಿನವರು ಬ್ರಿಟಿಷರ ಮೇಲೆ ಸಿಟ್ಟಾಗಿದ್ದು ಯಾಕೆ?

ತೆರಿಗೆ ಜಾಸ್ತಿ ಅನ್ನುವುದಕ್ಕಿಂತ, ನಮ್ಮನ್ನು ಕೇಳದೆ ಹಾಕಿದರು ಅನ್ನುವ ಸಿಟ್ಟೇ ದೊಡ್ಡದು. 1763ರಲ್ಲಿ ಫ್ರಾನ್ಸ್ ಜೊತೆಗಿನ ಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಹಣ ಹೊಂದಿಸಲು 1765ರಲ್ಲಿ ವಸಾಹತುಗಳ ಮೇಲೆ ಸ್ಟ್ಯಾಂಪ್ ಕಾಯ್ದೆ ಬಂತು. ಪತ್ರಿಕೆ, ಕರಾರು ಪತ್ರ, ಕೊನೆಗೆ ಇಸ್ಪೀಟು ಎಲೆಗೂ ತೆರಿಗೆ! ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಸಾಹತಿನವರು ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಗಲಾಟೆಯಾಗಿ ಮರುವರ್ಷ ಅದು ರದ್ದಾಯಿತು.

1773ರ ಟೀ ಕಾಯ್ದೆಯಲ್ಲಿ ಬೆಲೆ ಇಳಿಯುತ್ತಿತ್ತು ನಿಜ. ಆದರೆ ಟೀ ಮೇಲೆ ಮೊದಲೇ ಹಾಕಿದ್ದ ಸುಂಕ ಹಾಗೇ ಉಳಿಯಿತು. ಲಾಭ ಈಸ್ಟ್ ಇಂಡಿಯಾ ಕಂಪನಿಗೆ. ಹೌದು, ನಮ್ಮ ಹೈದರಾಲಿ ಜೊತೆ ಕಾದಾಡಿದ ಅದೇ ಕಂಪನಿ! ಅಗ್ಗದ ಟೀ ಕುಡಿದರೆ ತೆರಿಗೆಯನ್ನು ಒಪ್ಪಿಕೊಂಡಂತೆ ಅಲ್ವಾ? ಡಿಸೆಂಬರ್ 16ರಂದು ಬಾಸ್ಟನ್‌ನಲ್ಲಿ ವಸಾಹತಿನವರು ಬಂದರಿನ ಹಡಗುಗಳಿಂದ 342 ಪೆಟ್ಟಿಗೆ ಟೀಯನ್ನು ನೀರಿಗೆ ಎಸೆದರು. ಬ್ರಿಟನ್ ಆ ಬಂದರನ್ನೇ ಮುಚ್ಚಿಸಿತು. 1774ರ ಸೆಪ್ಟೆಂಬರಿನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಇದಕ್ಕೇನು ಮಾಡುವುದು ಅಂತ ಫಿಲಡೆಲ್ಫಿಯಾದಲ್ಲಿ ಒಟ್ಟಿಗೆ ಕೂತರು.