ಐದು ವರ್ಷದ ಮಗನಿಗೆ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’ ಓದಿ ಹೇಳಬಹುದಾ?

ಈ ಇಂಗ್ಲಿಷ್ ಚಿತ್ರಪುಸ್ತಕದ ವಿಚಿತ್ರ ಪ್ರಾಣಿಗಳ ಹಲ್ಲು, ಉಗುರು ನೋಡಿ ಮಗ ಹೆದರಲ್ವಾ, ಊಟ ಕೊಡದೆ ಮಲಗಿಸುವ ತಾಯಿಯ ಕತೆ ಮಕ್ಕಳಿಗೆ ಸರಿಯಾ ಅಂತ ಕೇಳಿದ್ದೀರಿ.

ಖಂಡಿತ ಓದಿ ಹೇಳಿ. ಧಾರವಾಡದಲ್ಲಿ ನಮ್ಮ ಮನೆಯ ಪ್ರತಿ ಹರಿದು, ಟೇಪ್ ಹಚ್ಚಿಸಿಕೊಂಡು ಇನ್ನೂ ಓಡಾಡುತ್ತಿದೆ.

ಕತೆ ಚಿಕ್ಕದು. ತೋಳದ ವೇಷ ಹಾಕಿದ ಮ್ಯಾಕ್ಸ್ ದಾಂಧಲೆ ಮಾಡಿ, ಅಮ್ಮನಿಗೇ ‘ತಿಂದುಬಿಡ್ತೀನಿ’ ಅಂತಾನೆ. ಊಟವಿಲ್ಲದೆ ಕೋಣೆ ಸೇರುತ್ತಾನೆ. ಕೋಣೆಯೇ ಕಾಡಾಗುತ್ತದೆ. ದೋಣಿ ಹತ್ತಿ ಹೋಗಿ ಆ ಪ್ರಾಣಿಗಳಿಗೆ ರಾಜನಾಗುತ್ತಾನೆ.

1963ರಲ್ಲಿ ಈ ಪುಸ್ತಕ ಬಂದಾಗಲೂ ಕೆಲವು ದೊಡ್ಡವರಿಗೆ ನಿಮ್ಮ ಹಾಗೇ ಅನ್ನಿಸಿತ್ತು. ಮರುವರ್ಷ ಅದಕ್ಕೆ, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಕೊಡುವ ಕಾಲ್ಡೆಕಾಟ್ ಪದಕ ಸಿಕ್ಕಿತು. ಬರೆದು ಚಿತ್ರಿಸಿದ ಮೊರಿಸ್ ಸೆಂಡಾಕ್ ಆ ಪ್ರಾಣಿಗಳ ಮುಖಗಳನ್ನು ತಮ್ಮ ಬಾಲ್ಯದ ಬಂಧುಗಳಿಂದ ತೆಗೆದುಕೊಂಡಿದ್ದರು. ಕೆನ್ನೆ ಹಿಂಡಿ, ಮುದ್ದು ಜಾಸ್ತಿಯಾಗಿ ತಿಂದುಬಿಡ್ತೀವಿ ಅನ್ನುವಂಥ ಬಂಧುಗಳು. ನಮ್ಮ ಮದುವೆಮನೆಗಳಲ್ಲೂ ಅಂಥ ಅತ್ತಿ, ಮಾವ ಇದ್ದಾರೆ ಅಲ್ವಾ? ಆ ಭಯ ಮಕ್ಕಳಿಗೆ ಹೊಸದಲ್ಲ. ಅದರೊಳಗಿನ ಪ್ರೀತಿಯೂ ಅವರಿಗೆ ಗೊತ್ತಾಗುತ್ತದೆ.

ಓದುವಾಗ ಚಿತ್ರಗಳ ಅಳತೆ ಗಮನಿಸಿ. ಮೊದಲ ಚಿತ್ರ ಸಣ್ಣದು, ಸುತ್ತ ಬಿಳಿ ಜಾಗ. ಕಾಡು ಬೆಳೆದಂತೆ ಚಿತ್ರವೂ ಬೆಳೆಯುತ್ತದೆ. ಮ್ಯಾಕ್ಸ್ ಮತ್ತು ಪ್ರಾಣಿಗಳ ಕುಣಿತ ಶುರುವಾದಾಗ ಎರಡೂ ಪುಟ ತುಂಬಿಬಿಡುತ್ತದೆ. ಹಾಗೆ ಮೂರು ಜೋಡಿ ಪುಟ, ಒಂದಕ್ಷರವೂ ಇಲ್ಲ. ಅಲ್ಲಿ ನೀವು ಏನೂ ವಿವರಿಸಬೇಡಿ, ಸುಮ್ನೆ ಮಗನಿಗೆ ಬಿಟ್ಟುಬಿಡಿ. ನನ್ನ ಮಗಳು ಹುಬ್ಬಳ್ಳಿಯ ರಂಗಪಂಚಮಿಯಲ್ಲಿ ಹಲಗಿ ಬಾರಿಸುವುದನ್ನು ನೋಡಿದ್ದಾಳೆ. ಆ ಪುಟ ಬಂತು ಅಂದರೆ ಡಬ್ಬಿಯ ಮುಚ್ಚಳ ತಗೊಂಡು ಬಡಿಯುತ್ತಾಳೆ. ಒಮ್ಮೆ ಮುಂದಿನ ಪುಟ ನೋಡಿ ಕೈ ನಿಲ್ಲಿಸಿದಳು.

‘ಅವ್ವಾ, ಎಲ್ಲಾರೂ ಇವನ ಮಾತು ಕೇಳಾಕತ್ತಾರ. ಮತ್ತ್ಯಾಕ ಸಪ್ಪಗ ಕುಂತಾನ?’

ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ನೋಡಿ ತಾನೇ ಅಂದಳು: ‘ಅವಂಗ ಅವ್ವ ಬೇಕಾಗ್ಯಾಳ.’

ಇನ್ನು ಆ ತಾಯಿ. ಅವಳು ಒಂದು ಚಿತ್ರದಲ್ಲೂ ಕಾಣುವುದಿಲ್ಲ. ಆದರೆ ಮ್ಯಾಕ್ಸ್ ವಾಪಸ್ ಬಂದಾಗ ಕೋಣೆಯಲ್ಲಿ ಊಟ ಇಟ್ಟಿರುತ್ತದೆ. ಕೊನೆಯ ಪುಟದಲ್ಲಿ ಚಿತ್ರವಿಲ್ಲ, ಊಟ ಇನ್ನೂ ಬಿಸಿಯಿತ್ತು ಅನ್ನುವ ಮಾತು ಮಾತ್ರ. ತಪ್ಪಾಯ್ತು ಅನ್ನು ಅಂತ ಯಾರೂ ಒತ್ತಾಯಿಸಲಿಲ್ಲ, ಬುದ್ಧಿ ಹೇಳಲಿಲ್ಲ. ಸಿಟ್ಟು ಮಾಡಿದ ಮೇಲೂ ಮನೆಯಲ್ಲಿ ತನ್ನ ಜಾಗ ಹಾಗೇ ಇದೆ ಅಂತ ಮಗುವಿಗೆ ತಿಳಿಯುವುದು ಇಲ್ಲೇ. ನನಗೆ ಈ ಪುಸ್ತಕ ಇಷ್ಟವಾಗುವುದೂ ಇದಕ್ಕೇ.

ಮಗನಿಗೆ ಇಂಗ್ಲಿಷ್ ಬರದಿದ್ದರೆ ಚಿತ್ರ ತೋರಿಸುತ್ತ ಮನೆಮಾತಲ್ಲೇ ಹೇಳಿ. ಮೊದಲ ಸಲ ಹಗಲಲ್ಲಿ, ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಪುಟ ತಿರುಗಿಸುವುದು ಅವನ ಕೈಯಲ್ಲೇ ಇರಲಿ.